ತಾತನ ಸೂಪರ್ 8 ರೀಲು ಸಿಕ್ಕಿವೆ, ಅನುಭವ ಇದ್ದೋರು ಹೇಳಿ

ಮೂಡಿಗೆರೆ ಮೊಮ್ಮಗ: ಅಟ್ಟದಲ್ಲಿ 11 ರೀಲು ಸಿಕ್ತು, ತಾತ ಸಣ್ಣ ಮೂವಿ ಕ್ಯಾಮೆರಾದಲ್ಲಿ ತೆಗ್ದಿದ್ದ 8 ಎಂಎಂ ಫಿಲ್ಮು. ಡಬ್ಬಿ ಮೇಲೆ ತಾತ ಕಾಫಿ ಕುಯ್ಲು, ಪಲ್ಪರ್ ಹೌಸ್, ಕೆಮ್ಮಣ್ಣುಗುಂಡಿ ಅಂತೆಲ್ಲ ಬರ್ದಿದಾರೆ. ಎರಡು ಡಬ್ಬಿ ಹುಳಿ ವಾಸನೆ ಹೊಡೀತಿದೆ. ಏನ್ ಮಾಡ್ಲಿ?

ಸಕಲೇಶಪುರ ಏಲಕ್ಕಿ: ನಮ್ದೂ ಇದೇ ಕಥೆ ಸಾರ್. ಆಸೆ ತಡೀದೆ ಮಾವನ ಹಳೇ ಪ್ರೊಜೆಕ್ಟರ್‌ಗೆ ಹಾಕ್ಬಿಟ್ಟೆ, ರೀಲು ಕುಗ್ಗಿತ್ತು, ತೂತು ಹಲ್ಲಿಗೆ ಕೂರ್ಲಿಲ್ಲ, ಕರಕರ ಅಂತ 4 ಅಡಿ ಹರಿದೋಯ್ತು, ಅಜ್ಜಿ ಕಣದಲ್ಲಿ ಕಾಫಿ ಹರಡ್ತಿದ್ದಿದ್ದು ಅದ್ರಲ್ಲೇ ಇದ್ದಿದ್ದು. ಆಮೇಲೆ ಡಿಜಿಟಲ್ ಮಾಡೋಕೆ ಬೆಂಗಳೂರಲ್ಲಿ ಒಬ್ರಿಗೆ ಕೊಟ್ಟೆ. ರೀಲಿಗೆ 900ರಂಗೆ 14ಕ್ಕೆ 12,600, ಕ್ಲೀನಿಂಗ್ 1,400, ಪೆನ್ ಡ್ರೈವ್ 600, ಒಟ್ಟು 14,600, ಬಸ್ ಚಾರ್ಜು ಬೇರೆ. ಮನೆಗೆ ತಂದು ನೋಡಿದ್ರೆ ಗೋಡೆ ಮೇಲೆ ಬಿಟ್ಟು ಕ್ಯಾಮೆರಾದಲ್ಲಿ ಹಿಡ್ದಿದಾರೆ! ಸೆಕೆಂಡಿಗೆ 18 ಫ್ರೇಮಲ್ಲಿ ಓಡೋದನ್ನ 25ರಲ್ಲಿ ಹಿಡಿದ್ರೆ ಮಿಣುಕದೆ ಇನ್ನೇನು. ಮತ್ತೆ ಬೇರೆ ಕಡೆ ಸ್ಕ್ಯಾನ್ ಮಾಡ್ಸಿದ್ದಕ್ಕೆ 26,000. ಹೆಂಡ್ತಿ ಇವತ್ತಿಗೂ ಆಡ್ಕೋತಾಳೆ.

ಕೊಪ್ಪದ ಮಳೆ: ನಿಮ್ ರೀಲು ಕುಗ್ಗಿದ್ದಲ್ಲ ಮಾರಾಯ್ರೆ. ಸೂಪರ್ 8 ಬಂದಿದ್ದೇ 1965ರಲ್ಲಿ, ಅದಕ್ಕೂ ಹಳೇದಾದ್ರೆ ರೆಗ್ಯುಲರ್ 8, ತೂತೇ ಬೇರೆ. ತಪ್ಪು ಪ್ರೊಜೆಕ್ಟರ್‌ಗೆ ಹಾಕಿ ಹರ್ಕೊಂಡಿದೀರಿ. ನಾನು ಯಾರಿಗೂ ಒಂದು ಪೈಸೆ ಕೊಡ್ಲಿಲ್ಲ, ಮ್ಯಾಕ್ರೋ ಲೆನ್ಸ್ ಇಟ್ಟು ಕೈಯಲ್ಲೇ ಫ್ರೇಮ್ ಫ್ರೇಮ್ ತೆಗ್ದೆ. 50 ಅಡಿ ರೀಲು 3 ನಿಮಿಷ 20 ಸೆಕೆಂಡು, ಅಂದ್ರೆ 3,600 ಫೋಟೋ. ಅಂಥ 9 ರೀಲು, ಇಡೀ ಆಷಾಢ ಅದೇ ಕೆಲಸ, ಬೆನ್ನು ಹೋಯ್ತು. ಕೊಡಾಕ್ರೋಮ್ ಅಂತ ಕೊಡಾಕ್ ಕಲರ್ ಫಿಲ್ಮು, ಅದ್ರ ಬಣ್ಣ ಮಾತ್ರ ನಿನ್ನೆ ತೆಗ್ದಂಗಿದೆ. ಈಗ ರೀಲೆಲ್ಲ ಬಲ್ಬ್ ಹಾಕಿರೋ ಬೀರುಲಿ ಬೆಚ್ಚಗಿವೆ.

ಸಕಲೇಶಪುರ ಏಲಕ್ಕಿ: ನನ್ ರೀಲು ನೋಡ್ದಲೇ ಹೇಳ್ಬೇಡಿ.

ಹಾಸನದವಳು: ಬಲ್ಬಾ?! ಮೊದ್ಲು ಅದನ್ನ ತೆಗೀರಿ. ಬಿಸಿಗೇ ಫಿಲ್ಮು ಕೆಟ್ಟು ಹುಳಿ ಹಿಡಿಯೋದು. ನಮ್ಮಪ್ಪನೂ ಹಂಗೇ ಬೆಚ್ಚಗಿಟ್ಟು 6 ರೀಲು ಹಪ್ಪಳದ ಥರ ಸೊಟ್ಟ ಆಗಿ ಹೋಯ್ತು, ಅದ್ರಲ್ಲಿ ಅವ್ರ ವರ್ಕ್‌ಶಾಪ್ ಆಯುಧಪೂಜೆದು ಎರಡು. ಆ ಹುಳಿ ಆವಿ ಪಕ್ಕದ ರೀಲಿಗೂ ತಗಲತ್ತೆ, ಹುಳಿ ಬಂದಿದ್ದನ್ನ ಬೇರೆ ಕೋಣೆಲೇ ಇಡ್ಬೇಕು. ಉಳ್ದಿದ್ದು ಪಸೆ ಹೀರೋ ಸಿಲಿಕಾ ಜೆಲ್ ಹಾಕಿ ಎರಡು ಕವರ್ ಸೀಲ್ ಮಾಡಿ ಫ್ರೀಜರ್‌ಲಿ ಇಟ್ಟಿದೀನಿ, ಅತ್ತೆ ಐಸ್‌ಕ್ರೀಂ ಅನ್ಕೊಂಡು ಬಿಚ್ಚಿ ನೀರು ಪಸೆ ಕೂತು ಒಂದು ಹಾಳಾಯ್ತು. ಹೊರಗೆ ತೆಗ್ದು ತಣ್ಣಗಿರೋದು ಹೋಗೋವರ್ಗೂ ಕವರ್ ಬಿಚ್ಚಬಾರ್ದು ಅಂತ ಈಗ ಬಾಗಿಲ ಮೇಲೇ ಬರ್ದು ಅಂಟ್ಸಿದೀನಿ.

ಕೊಪ್ಪದ ಮಳೆ: ಹಾಸನದಲ್ಲಿ ಕೂತು ಹೇಳೋದು ಸುಲಭ ಅಕ್ಕ. ಜುಲೈಲಿ ಇಲ್ಲಿಗೆ ಬನ್ನಿ, ಚಪ್ಪಲಿಗೂ ಬೂಷ್ಟು. ಫ್ರೀಜರ್ ಅಂತೆ, ನಮ್ಗೆ ಮೂರು ದಿನ ಕರೆಂಟೇ ಇರಲ್ಲ.

ಹಾಸನದವಳು: ಕರೆಂಟಿಲ್ದೆ ಬಲ್ಬ್ ಹೆಂಗ್ ಉರಿಯತ್ತೆ?

ಬೇಲೂರು ಬಾಬು: ನಮ್ಮ ಚಿಕ್ಕಪ್ಪ ಡಿವಿಡಿ ಮಾಡ್ಸಿದೀನಲ್ಲ ಅಂತ ರೀಲೆಲ್ಲ ಗುಜರಿಗೆ ಹಾಕಿದ್ರು. ಡಿವಿಡಿ ಈಗ ಓದ್ತಿಲ್ಲ. ಮಾತೇ ಬಿಟ್ಟಿದೀನಿ ಅವ್ರತ್ರ. ಅದಿರ್ಲಿ, ಕೊಪ್ಪದವ್ರೇ, ನೀವು ಮೊನ್ನೆ ಹಾಕಿದ್ದ ಕಲ್ಲತ್ತಿಗಿರಿ ಫಾಲ್ಸ್ ಕ್ಲಿಪ್ಪು, ಅದು ಹೆಬ್ಬೆ ಫಾಲ್ಸು.

ಕೊಪ್ಪದ ಮಳೆ: ಕಲ್ಲತ್ತಿಗಿರಿನೇ. ನಮ್ಮಪ್ಪ ಡಬ್ಬಿ ಮೇಲೆ ಬರ್ದಿದಾರೆ.

ಬೇಲೂರು ಬಾಬು: ಕಲ್ಲತ್ತಿಗಿರಿ ಆದ್ರೆ ವೀರಭದ್ರನ ಗುಡಿ ಎಲ್ಲಿ ತೋರ್ಸಿ?

ಕೊಪ್ಪದ ಮಳೆ: ನಾಲ್ಕನೇ ರೀಲು, ಫ್ರೇಮ್ 2,114, ಎಡಗಡೆ ಮೂಲೆ. ನಮ್ಮತ್ತೆ ಕೊಡೆ ಹಿಂದೆ.