ದೋಣಿಗೆ ಬ್ಯಾಟರಿ ಮೋಟರ್: ಮನೆಯ ಎಂಸಿಬಿ ಸಾಕಾ?

ಪ್ರಶ್ನೆ (ಹುಣಸಗಿ, ಯಾದಗಿರಿ ಜಿಲ್ಲೆ):
ನಮಸ್ಕಾರ ಸರ್. ನಾರಾಯಣಪುರ ಡ್ಯಾಂನಲ್ಲಿ ಮೀನು ಹಿಡಿಯುತ್ತೇವೆ. ಫೈಬರ್ ದೋಣಿ, ಪೆಟ್ರೋಲ್ ಇಂಜಿನ್. ಅದನ್ನು ತೆಗೆದು 48 ವೋಲ್ಟಿನ 3 ಕಿಲೋವಾಟ್ ಮೋಟರ್, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಕೂರಿಸಬೇಕು ಅಂತಿದ್ದೇನೆ. 48 ವೋಲ್ಟ್ ಶಾಕ್ ಹೊಡೆಯಲ್ಲ, ಮನೆಗೆ ಹಾಕುವ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಸಾಕು ಅಂತಾರೆ ನಮ್ಮೂರ ಎಲೆಕ್ಟ್ರಿಷಿಯನ್. ಹೌದಾ?

ಉತ್ತರ (ಎಲೆಕ್ಟ್ರಿಕಲ್ ಇಂಜಿನಿಯರ್, ಕಲಬುರಗಿ):
ಬೇಡ ಅಣ್ಣ, ಆ ಎಂಸಿಬಿ ಹಾಕಬೇಡಿ. ಒದ್ದೆ ಮೈಗೆ 48 ವೋಲ್ಟನ್ನೂ ಹಗುರವಾಗಿ ನೋಡಬಾರದು. ಆದರೆ ಇಲ್ಲಿ ಶಾಕಿಗಿಂತ ದೊಡ್ಡ ಭಯ ಬೆಂಕಿ. ನೀರಿನ ನಡುವೆ ದೋಣಿಗೆ ಬೆಂಕಿ ಹತ್ತಿದರೆ ಇಳಿದು ಓಡಲು ನೆಲ ಇರಲ್ಲ.

ನಿಮ್ಮ 16 ಸೆಲ್ಲಿನ ಪ್ಯಾಕ್ ಫುಲ್ ಚಾರ್ಜ್ ಆದಾಗ 58.4 ವೋಲ್ಟ್ ಇರುತ್ತದೆ. ಪ್ಲಸ್ಸು ಮೈನಸ್ಸು ತಾಗಿದರೆ ಸಾವಿರಾರು ಆಂಪ್ ಹರಿಯುತ್ತದೆ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಎಂಸಿಬಿ ಬೀಳುವಾಗ ಒಳಗೆ ಏಳುವ ಕಿಡಿ ಆಗ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಆ ಸೊನ್ನೆಯೇ ಇಲ್ಲ. ಕಿಡಿ ಉರಿಯುತ್ತಲೇ ಇದ್ದು ಎಂಸಿಬಿಯೇ ಸುಟ್ಟುಹೋಗಬಹುದು. ಕಾರಿನ ಫ್ಯೂಸ್ ಕೂಡ ಬೇಡ, ಅದರ ಮೇಲೆ ಸಾಮಾನ್ಯವಾಗಿ 32 ವೋಲ್ಟ್ ಅಂತಲೇ ಇರುತ್ತದೆ, ನೋಡ್ರಿ.

ಕ್ಲಾಸ್-ಟಿ ಫ್ಯೂಸ್ ತರಿಸಿ. 20,000 ಆಂಪ್‌ವರೆಗಿನ ಶಾರ್ಟನ್ನೂ ಕಡಿಯುತ್ತದೆ. ನಿಮ್ಮ ಮೋಟರ್ ಎಳೆಯುವುದು ಸುಮಾರು 60-70 ಆಂಪ್. 25 ಚದರ ಎಂಎಂ ತಾಮ್ರದ ಕೇಬಲ್, 100 ಆಂಪ್ ಫ್ಯೂಸ್ ಸರಿಹೋಗುತ್ತದೆ.

ಎಲ್ಲಿ ಹಾಕುತ್ತೀರಿ ಅನ್ನುವುದು ಇನ್ನೂ ಮುಖ್ಯ. ಬಹಳ ಜನ ಫ್ಯೂಸನ್ನು ಮೋಟರಿನ ಕಂಟ್ರೋಲರ್ ಪಕ್ಕ ಹಾಕುತ್ತಾರೆ. ಫ್ಯೂಸ್ ಇರುವುದು ವೈರ್ ಕಾಯಲು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಕಾವಲೇ ಇರಲ್ಲ, ಅಲ್ವಾ? ಅದಕ್ಕೇ ಅಮೆರಿಕದ ದೋಣಿ ವೈರಿಂಗ್ ನಿಯಮ ಎಬಿವೈಸಿ ಇ-11, ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಲಿ ಅನ್ನುತ್ತದೆ. ಪೈಪಿನೊಳಗೆ ಹೋಗುವ ವೈರಿಗೆ ಅಲ್ಲಿ ರಿಯಾಯಿತಿ ಇದೆ. ನಾನಾದರೆ ಆ ರಿಯಾಯಿತಿ ತೆಗೆದುಕೊಳ್ಳಲ್ಲ. ಎಲೆಕ್ಟ್ರಿಕ್ ದೋಣಿಗಳಿಗೆಂದೇ ಐಎಸ್‌ಒ 16315 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ, ಮೋಟರ್ ಮಾರುವವರನ್ನು ಅದರ ಬಗ್ಗೆ ಕೇಳಿ.

ಪ್ರಶ್ನೆ (ಅವರೇ):
ಬ್ಯಾಟರಿಯೊಳಗೆ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಇದೆಯಲ್ಲ ಸರ್? ಚಾರ್ಜಿಂಗ್ ದಡದ ಪಂಪ್‌ಸೆಟ್ ಶೆಡ್ಡಿನಲ್ಲಿ ಮಾಡ್ತೇವೆ.

ಉತ್ತರ:
ಇರಲಿ, ಬೇಕೇಬೇಕು. ಆದರೆ ಅದರೊಳಗೆ ಕರೆಂಟ್ ಕಡಿಯುವ ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಕೆಟ್ಟರೆ ಎಷ್ಟೋ ಸಲ ಶಾರ್ಟ್ ಆಗಿಯೇ ಕೆಡುತ್ತದೆ, ಕರೆಂಟ್ ನಿಲ್ಲುವುದಿಲ್ಲ. ಫ್ಯೂಸ್ ಬೇರೆಯೇ ಇರಬೇಕು. ಶೆಡ್ಡಿನಲ್ಲಿ ಒಳ್ಳೆಯ ಅರ್ಥಿಂಗ್ ಮಾಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿ. ಇದನ್ನು ಮುಂದಕ್ಕೆ ಹಾಕಬೇಡಿ, ಅಲ್ಲಿರುವುದು 230 ವೋಲ್ಟ್. ಎಲ್‌ಎಫ್‌ಪಿ ಸೆಲ್ಲಿಗೆ ಚಾರ್ಜಿಂಗ್ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ ಅದನ್ನು ದಾಟಬಹುದು. ರಾತ್ರಿ ಚಾರ್ಜಿಗೆ ಹಾಕಿ.

ಪ್ರಶ್ನೆ (ಭಾಲ್ಕಿ, ಬೀದರ್ ಜಿಲ್ಲೆ):
ಕಾರಂಜಾ ಡ್ಯಾಂನಲ್ಲಿ ನಮ್ಮದು ಕಬ್ಬಿಣದ ದೋಣಿ. ಟ್ರ್ಯಾಕ್ಟರಿನ ಹಾಗೆ ಮೈನಸ್ ಬಾಡಿಗೆ ಕೊಟ್ಟರೆ ಒಂದು ವೈರ್ ಉಳಿಯುತ್ತಲ್ಲ?

ಉತ್ತರ:
ಖಂಡಿತ ಮಾಡಬೇಡಿ. ಕರೆಂಟ್ ಬಾಡಿಯಿಂದ ನೀರಿಗೆ ಸೋರಿದ ಕಡೆಯೆಲ್ಲ ಕಬ್ಬಿಣ ತಿಂದುಹೋಗುತ್ತದೆ, ಅದೂ ನಿಮ್ಮ ಕಣ್ಣಿಗೆ ಬೀಳದ ತಳದಲ್ಲಿ. ಪ್ಲಸ್ಸಿಗೊಂದು, ಮೈನಸ್ಸಿಗೊಂದು, ಎರಡೂ ಪೂರ್ತಿ ವೈರ್ ಎಳೆಯಿರಿ.