ರೋಮ್ ಮೂರು ದಿನ, ಅಪ್ಪ-ಅಮ್ಮ ಜೊತೆ: ವ್ಯಾಟಿಕನ್ ಭಾನುವಾರಕ್ಕೆ ಇಟ್ಟುಕೊಳ್ಳಬಹುದಾ?

ತುಂಗಾತೀರ:
ಶುಕ್ರವಾರ ರಾತ್ರಿ 8ಕ್ಕೆ ಫ್ಯೂಮಿಚಿನೋ ಏರ್‌ಪೋರ್ಟಿನಲ್ಲಿ ಇಳಿಯುತ್ತೇವೆ, ಸೋಮವಾರ ರಾತ್ರಿ ವಾಪಸ್. ನಡುವೆ ಬರುವುದು ಫೆಬ್ರವರಿಯ ಮೊದಲ ಭಾನುವಾರ. ಒಟ್ಟು ನಾಲ್ಕು ಜನ. ಅಪ್ಪ-ಅಮ್ಮನಿಗೆ 70ರ ಆಸುಪಾಸು, ಅಮ್ಮನಿಗೆ ಮಂಡಿನೋವು. ಮೊಟ್ಟೆಯನ್ನೂ ತಿನ್ನಲ್ಲ. ರೂಮು ಟರ್ಮಿನಿ ಸ್ಟೇಷನ್ ಹತ್ತಿರ. ಶನಿವಾರ ಕೊಲೋಸಿಯಮ್, ಮೊದಲ ಭಾನುವಾರ ಫ್ರೀ ಅಂತಾರಲ್ಲ, ಅವತ್ತು ವ್ಯಾಟಿಕನ್ ಮ್ಯೂಸಿಯಂ, ಸೋಮವಾರ ಉಳಿದದ್ದು. ಸರಿಯಿದೆಯಾ?

ಕಲ್ಲುಮಂಟಪ:
ಭಾನುವಾರದ ಲೆಕ್ಕ ತಪ್ಪಿದೆ. ಮೊದಲ ಭಾನುವಾರ ಫ್ರೀ ಇರೋದು ಇಟಲಿ ಸರ್ಕಾರದ ಜಾಗಗಳಿಗೆ. ವ್ಯಾಟಿಕನ್ ಬೇರೆ ದೇಶ. ಅದರ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತೆ. ಕೊನೇ ಭಾನುವಾರ ಮಾತ್ರ ಫ್ರೀ, ಅದೂ 12:30ರ ತನಕ ಒಳಗೆ ಬಿಡ್ತಾರೆ.

ಹೀಗೆ ತಿರುಗಿಸಿ: ಶನಿವಾರ ಬೆಳಿಗ್ಗೆ 8ರ ಸ್ಲಾಟ್‌ಗೆ ವ್ಯಾಟಿಕನ್. ಟರ್ಮಿನಿಯಿಂದ ಮೆಟ್ರೋ ಎ ಲೈನ್, ಆರನೇ ಸ್ಟಾಪ್ ಒಟ್ಟಾವಿಯಾನೋ. ಒಳಗೆ ಗಾಲಿಕುರ್ಚಿ ಬಾಡಿಗೆ ಇಲ್ಲದೆ ಕೊಡ್ತಾರೆ, ಅಮ್ಮನಿಗೆ ತಗೊಳ್ಳಿ. ಮ್ಯೂಸಿಯಂ ಒಳಗಿನ ಚಿತ್ರಗಳ ಪ್ರಾರ್ಥನಾ ಮಂದಿರ ಸಿಸ್ಟೀನ್ ಚಾಪೆಲ್ ತಲುಪೋಕೆ ಮುಂಚೆಯೇ ಬಹಳ ನಡೆಯಬೇಕು.

ಭಾನುವಾರ ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ಗುಡಿ, ನವೋನಾ ಚೌಕ, ಟ್ರೆವಿ ಕಾರಂಜಿ ಅಂತ ನಿಧಾನಕ್ಕೆ ಸುತ್ತಿ. ಪ್ಯಾಂಥಿಯನ್‌ನ ಟಿಕೆಟ್ಟಿಗೆ ಅವತ್ತು ದುಡ್ಡಿಲ್ಲ. ಕೊಲೋಸಿಯಮ್ ಕೂಡ ಫ್ರೀಯೇ, ಆದರೆ ಫ್ರೀ ದಿನದ ಕ್ಯೂನಲ್ಲಿ ಮಂಡಿನೋವಿನವರನ್ನು ನಿಲ್ಲಿಸಬೇಡಿ. ದುಡ್ಡು ಕೊಟ್ಟು ಸೋಮವಾರ ಹೋಗಿ. ಟಿಕೆಟ್ 30 ದಿನ ಮುಂಚೆ ಅಧಿಕೃತ ಸೈಟಿನಲ್ಲಿ ಬಿಡ್ತಾರೆ. ಪಾಸ್‌ಪೋರ್ಟಿನಲ್ಲಿ ಇರೋ ಹಾಗೇ ಹೆಸರು ಹಾಕಿ, ಬಾಗಿಲಲ್ಲಿ ತಾಳೆ ನೋಡ್ತಾರೆ. ಇನಿಷಿಯಲ್ ಹಾಕಿ ಸುಮ್ಮನಾಗೋರು ಇಲ್ಲೇ ಸಿಕ್ಕಿಬೀಳೋದು. ಫೆಬ್ರವರಿಯಲ್ಲಿ 4:30ಕ್ಕೇ ಮುಚ್ಚುತ್ತೆ. ಅದೇ ಟಿಕೆಟ್ಟಿನಲ್ಲಿ ಪಕ್ಕದ ಹಳೇ ರೋಮಿನ ಅವಶೇಷಗಳಾದ ಫೋರಮ್, ಪ್ಯಾಲಟೈನ್ ಗುಡ್ಡ ಎರಡೂ ಇವೆ. ಗುಡ್ಡ ಬಿಡಿ.

ಚಕ್ರಪಾಣಿ_ಪಯಣ:
ಏರ್‌ಪೋರ್ಟ್ ವಿಷಯ: ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ತಲೆಗೆ 14 ಯೂರೋ, ನಾಲ್ಕು ಜನಕ್ಕೆ 56. ಬಿಳಿ ಟ್ಯಾಕ್ಸಿಗೆ ಹಳೇ ಕೋಟೆಗೋಡೆಯ ಒಳಗಿನ ಯಾವ ವಿಳಾಸಕ್ಕಾದರೂ ನಿಗದಿ ದರ 55, ಲಗೇಜೂ ಸೇರಿ. ಸಾಲಿನಲ್ಲಿ ನಿಂತ ಟ್ಯಾಕ್ಸಿಯನ್ನೇ ಹತ್ತಿ, ಒಳಗೆ ಬಂದು ಕರೆಯೋರ ಹಿಂದೆ ಹೋಗಬೇಡಿ.

ರಸ್ತೆಯೆಲ್ಲ ಸಾಂಪಿಯೆತ್ರೀನಿ, ಅಂದರೆ ಕಪ್ಪು ಕಲ್ಲಿನ ತುಂಡು ಹಾಸಿದ್ದು. ಮಳೆ ಬಿದ್ದರೆ ಜಾರುತ್ತೆ. ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕಿಸಿ. ನೀರಿಗೆ ದುಡ್ಡು ಕೊಡಬೇಡಿ: ಬೀದಿಯ ಕಬ್ಬಿಣದ ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿಂದ ನೀರು ಚಿಮ್ಮುತ್ತೆ, ಬಗ್ಗದೇ ಕುಡಿಯಬಹುದು.

ಒಗ್ಗರಣೆಸೌಟು:
ಊಟದಲ್ಲಿ ಎರಡು ಮೋಸ. ಒಂದು, ಪೆಕೊರಿನೊ ಚೀಸ್: ಹಾಲು ಒಡೆಸೋದು ಕುರಿಮರಿ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಈ ಚೀಸ್, ಕಾಳುಮೆಣಸು ಹಾಕಿದ ಪಾಸ್ತಾ ಕಾಚೊ ಎ ಪೆಪೆ ‘ವೆಜ್’ ಅನ್ನೋರಿಗೆ ಇದು ಗೊತ್ತಿರಲ್ಲ. ಇನ್ನೊಂದು, ತಾಜಾ ಪಾಸ್ತಾ: ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಒಣ ಸ್ಪಗೆಟಿ, ಟೊಮೇಟೊ ಸಾಸ್, ಚೀಸ್ ಬೇಡ ಅನ್ನಿ. ಪಿಜ್ಜಾ ಮರಿನಾರಾದಲ್ಲಿ ಟೊಮೇಟೊ, ಬೆಳ್ಳುಳ್ಳಿ ಅಷ್ಟೇ, ಚೀಸೇ ಇಲ್ಲ. ಫೆಬ್ರವರಿ ಆರ್ಟಿಚೋಕ್ ಅನ್ನೋ ಮೊಗ್ಗಿನ ತರಕಾರಿಯ ಕಾಲ. ಯಹೂದಿ ಕೇರಿಯಲ್ಲಿ ಇಡೀ ಮೊಗ್ಗನ್ನೇ ಹೂವಿನ ಹಾಗೆ ಅರಳಿಸಿ ಎಣ್ಣೆಯಲ್ಲಿ ಕರೀತಾರೆ. ಪುಂತರೆಲ್ಲೆ ಅನ್ನೋ ಸೊಪ್ಪಿನ ಚಿಗುರಿನ ಸಲಾಡ್ ಮುಟ್ಟಬೇಡಿ, ಮೀನು ಅರೆದು ಹಾಕಿರ್ತಾರೆ.

ತುಂಗಾತೀರ:
ಬಚಾವ್, ದಿನ ಬದಲಾಯಿಸ್ತೀನಿ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟಕ್ಕೆ ಲಿಫ್ಟ್ ಇದೆಯಂತಲ್ಲ, ಅಮ್ಮನನ್ನು ಕರ್ಕೊಂಡು ಹೋಗಬಹುದಾ?

ಕಲ್ಲುಮಂಟಪ:
ಲಿಫ್ಟ್ ತಾರಸಿ ತನಕ ಮಾತ್ರ. ಒಟ್ಟು 551 ಮೆಟ್ಟಿಲಲ್ಲಿ ಅಲ್ಲಿಂದ ಮೇಲೆ 320 ಉಳಿಯುತ್ತವೆ. ಕೊನೆಗೆ ಗುಮ್ಮಟದ ಗೋಡೆ ಬಾಗಿರೋದರಿಂದ ಓರೆಯಾಗೇ ಹತ್ತಬೇಕು, ಕಿರಿದು, ನಡುವೆ ಹಿಂತಿರುಗೋ ಹಾಗಿಲ್ಲ. ಅಮ್ಮ ತಾರಸಿಯಲ್ಲೇ ಇರಲಿ, ನೀವು ಹತ್ತಿ ಬನ್ನಿ.