ಅಪ್‌ಡೇಟ್: ಆಗುಂಬೆ ಘಾಟಿಗೆ ರೀಜೆನ್ ಎಷ್ಟಿಡಬೇಕು?

ಎಲೆಕ್ಟ್ರಿಕ್ ಕಾರಿನಲ್ಲಿ ಘಾಟಿ ಇಳಿಯುವಾಗ ರೀಜೆನ್ (ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಕಾರನ್ನು ನಿಧಾನ ಮಾಡಿ ಬ್ಯಾಟರಿ ಚಾರ್ಜ್ ಮಾಡುವ ವ್ಯವಸ್ಥೆ) ಯಾವ ಲೆವೆಲ್‌ಗೆ ಇಡಬೇಕು ಅಂತ ಕೇಳಿದ್ದೆ. ಭಾನುವಾರ ಶಿವಮೊಗ್ಗದಿಂದ ಉಡುಪಿಗೆ ಹೋಗಿ ಬಂದೆವು.

ತೀರ್ಥಹಳ್ಳಿ ದಾಟುವವರೆಗೆ ಲೆವೆಲ್ 1 ಸಾಕಾಯಿತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಿಗೆ 3 ಹಾಕಿದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಕಾರು ತಾನೇ ನಿಧಾನವಾಗುತ್ತದೆ. ಬ್ರೇಕ್ ತುಳಿದಿದ್ದು ತಿರುವಿನಲ್ಲಿ ಮಾತ್ರ. ಸೋಮೇಶ್ವರ ಮುಟ್ಟುವಾಗ ಚಾರ್ಜ್ 2 ಪರ್ಸೆಂಟ್ ಜಾಸ್ತಿಯೇ ಆಗಿತ್ತು! ಆದರೆ ಕಾಲು ಪಟ್ಟನೆ ತೆಗೆದಾಗೆಲ್ಲ ಹಿಂದೆ ಕೂತ ಅಮ್ಮನಿಗೆ ತಲೆಸುತ್ತು ಬರುತ್ತಿತ್ತು. ನಿಧಾನವಾಗಿ ತೆಗೆಯಬೇಕು.

ವಾಪಸ್ ಬರುವಾಗ ಜೋರು ಮಳೆ. ರಸ್ತೆ ಜಾರುತ್ತಿತ್ತು, 1ಕ್ಕೆ ಇಳಿಸಿದೆ.

ಬ್ಯಾಟರಿ ಫುಲ್ ಇದ್ದರೆ ರೀಜೆನ್ ಕಡಿಮೆಯಾಗುತ್ತದೆ ಅಂತ ನನ್ನ ಪ್ರಶ್ನೆಗೆ ಉತ್ತರಿಸಿದವರು ಅಂದಿರಲ್ಲ, ಅದು ತುಂಬಾ ಮುಖ್ಯ. ಹಾಗಾಗಿ ಆಗುಂಬೆಯಲ್ಲೇ ಉಳಿದು ಬೆಳಿಗ್ಗೆ ಘಾಟಿ ಇಳಿಯುವವರು ದಯವಿಟ್ಟು 85 ಪರ್ಸೆಂಟ್‌ಗೇ ಚಾರ್ಜ್ ನಿಲ್ಲಿಸಿ.